ಯುಪಿವಿಸಿಯೋ, ಸಿಪಿವಿಸಿಯೋ, ಪಿಪಿಆರೋ? ಬೆಂಗಳೂರಿನ ಮನೆಗೆ ನೀರಿನ ಪೈಪು ಆರಿಸುವ ಬಗೆ

ಚಾವಣಿಯ ಮೋಲ್ಡ್ ಹಾಕಿ ಮುಗಿದು, ಪೈಪಿಗಾಗಿ ಗೋಡೆ ಕೊರೆಯುವ ಹೊತ್ತಿಗೆ ಈ ಗೊಂದಲ ಶುರುವಾಗುತ್ತದೆ. ಪ್ಲಂಬರ್ “ಎಲ್ಲಾ ಸಿಪಿವಿಸಿ ಹಾಕ್ಬಿಡಿ ಸಾರ್, ತಲೆನೋವೇ ಇರಲ್ಲ” ಅನ್ನುತ್ತಾರೆ. ಕಂಟ್ರಾಕ್ಟರ್ ಎಸ್ಟಿಮೇಟಿನಲ್ಲಿ ಬರೀ “ಪಿವಿಸಿ ಪೈಪ್” ಎಂದಿದೆ. ಪಕ್ಕದ ಸೈಟಿನವರು ಹಸಿರು ಬಣ್ಣದ ಪಿಪಿಆರ್ ಹಾಕಿಸುತ್ತಿದ್ದಾರೆ, ಅದು ಐವತ್ತು ವರ್ಷ ಬರುತ್ತದೆ ಎನ್ನುತ್ತಾರೆ. ಇವೆಲ್ಲ ಪ್ಲಾಸ್ಟಿಕ್ ಪೈಪುಗಳೇ, ಮೂವರೂ ಸುಳ್ಳು ಹೇಳುತ್ತಿಲ್ಲ. ಆದರೆ ಇಡೀ ಮನೆಗೆ ಯಾವ ಪೈಪು ಎಂದು ಕೇಳುವುದರಲ್ಲೇ ಎಡವಟ್ಟಿದೆ. 30-40 ಸೈಟಿನ ಮನೆಯಲ್ಲೂ ರಸ್ತೆಯಿಂದ ಸಂಪಿಗೆ ಒಂದು ಲೈನು, ಸಂಪಿನಿಂದ ಮೇಲಿನ ಟ್ಯಾಂಕಿಗೆ ಒಂದು, ಟ್ಯಾಂಕಿನಿಂದ ಬಾತ್‌ರೂಮಿಗೆ ಒಂದು, ಸೋಲಾರಿನಿಂದ ಬಿಸಿನೀರಿಗೆ ಇನ್ನೊಂದು ಇರುತ್ತದೆ. ಒಂದೊಂದು ಲೈನಿನ ಕಷ್ಟವೂ ಬೇರೆ.

ಏನನ್ನು ನೋಡಿ ಆರಿಸಬೇಕು

ಒತ್ತಡದ ಬಗ್ಗೆ ಜನ ಹೆಚ್ಚು ಹೆದರುತ್ತಾರೆ, ಮನೆಯೊಳಗೆ ಅದರಿಂದ ಆಗುವ ತೊಂದರೆ ಕಡಿಮೆ. ನೀರು 10 ಮೀಟರ್ ಎತ್ತರದಲ್ಲಿದ್ದರೆ ಕೆಳಗೆ ಸಿಗುವ ಒತ್ತಡ ಸುಮಾರು 1 ಕೆಜಿ, ಅಂದರೆ ಚದರ ಸೆಂಟಿಮೀಟರಿಗೆ ಒಂದು ಕಿಲೋ. ಎರಡು ಮಹಡಿ ಮೇಲೇರಿ ಟ್ಯಾಂಕ್ ಕೂತ ಮನೆಯಲ್ಲಿ ನೆಲಮಟ್ಟದ ನಲ್ಲಿಗೆ 1.2–1.3 ಕೆಜಿ ಬಂದರೆ ಹೆಚ್ಚು. ಪ್ರೆಶರ್ ಪಂಪ್ ಕೂರಿಸಿದರೂ ಸಾಮಾನ್ಯವಾಗಿ 2–3 ಕೆಜಿ. ಮನೆಗೆ ಬಳಸುವ ಯಾವ ಒಳ್ಳೆಯ ಪೈಪಿಗೂ ಇದು ಭಾರವಲ್ಲ.

ಪೈಪನ್ನು ನಿಜವಾಗಿ ಕಾಡುವುದು ಬಿಸಿ, ಬಿಸಿಲು ಮತ್ತು ಜಾಯಿಂಟು. ಎಷ್ಟು ಬಿಸಿನೀರು, ಎಷ್ಟು ಹೊತ್ತು ಹರಿಯುತ್ತದೆ? ಪೈಪು ತಾರಸಿಯ ಬಿಸಿಲಿನಲ್ಲಿ ನಿಲ್ಲುತ್ತದೆಯೋ, ಗೋಡೆಯೊಳಗೆ ಮುಚ್ಚಿಹೋಗುತ್ತದೆಯೋ? ಜಾಯಿಂಟು ಹಾಕುವವರಿಗೆ ಆ ಕೆಲಸ ಬರುತ್ತದೆಯೇ? ಈ ಮೂರಕ್ಕೆ ಉತ್ತರ ಸಿಕ್ಕರೆ ಮುಕ್ಕಾಲು ಪಾಲು ಆಯ್ಕೆ ಮುಗಿದಂತೆ. ಉಳಿದದ್ದು ಒಳವ್ಯಾಸ ಮತ್ತು ರಿಪೇರಿ. ಹತ್ತು ವರ್ಷದ ಮೇಲೆ ಭಾನುವಾರ ಸಂಜೆ ಒಂದು ಎಲ್ಬೋ ಒಡೆದರೆ ನಿಮ್ಮ ಬಡಾವಣೆಯ ಹಾರ್ಡ್‌ವೇರ್ ಅಂಗಡಿಯಲ್ಲಿ ಅದು ಸಿಗಬೇಕು.

ಬೋರ್‌ವೆಲ್ ಗಡಸು ನೀರಿನ ಚಿಂತೆ ಈ ಲೆಕ್ಕಕ್ಕೆ ಬೇಡ. ಅದು ಕೆಡಿಸುವುದು ಹಳೆಯ ಜಿಐ (ಸತು ಲೇಪಿಸಿದ ಕಬ್ಬಿಣದ) ಪೈಪು, ಗೀಸರಿನ ಕಾಯಿಲ್ ಮತ್ತು ನಲ್ಲಿಯ ಜಾಲರಿಯನ್ನು. ಪ್ಲಾಸ್ಟಿಕ್ ಪೈಪು ತುಕ್ಕು ಹಿಡಿಯುವುದಿಲ್ಲ, ಅದರ ನುಣುಪಾದ ಒಳಮೈಗೆ ಉಪ್ಪು ಕಚ್ಚುವುದೂ ಕಡಿಮೆ.

ಎರಡು ಕುಲ, ಎರಡು ಜಾಯಿಂಟು

ಈ ಪೈಪುಗಳೆಲ್ಲ ಎರಡು ಕುಲಕ್ಕೆ ಸೇರಿದವು. ಎಥಿಲೀನ್ ಮತ್ತು ಕ್ಲೋರಿನ್‌ನಿಂದ ವಿನೈಲ್ ಕ್ಲೋರೈಡ್ ಮಾಡಿ, ಅದನ್ನು ಸರಪಳಿಯಾಗಿ ಜೋಡಿಸಿದರೆ ಪಿವಿಸಿ. ಅದರ ತೂಕದಲ್ಲಿ ಸುಮಾರು ಶೇ 57 ಕ್ಲೋರಿನ್. ಮೆದುಕಾರಕ ಬೆರೆಸದೆ ಗಟ್ಟಿಯಾಗಿ ಉಳಿಸಿದ್ದು ಯುಪಿವಿಸಿ. ಪಿವಿಸಿ ಪುಡಿಗೆ ಇನ್ನಷ್ಟು ಕ್ಲೋರಿನ್ ಉಣಿಸಿ ಪ್ರಮಾಣವನ್ನು ಶೇ 63ರಿಂದ 69ರ ನಡುವೆ ಏರಿಸಿದರೆ ಸಿಪಿವಿಸಿ. ಕ್ಲೋರಿನ್ ಪರಮಾಣು ದಪ್ಪ, ಅದು ಹೆಚ್ಚಿದಷ್ಟೂ ಸರಪಳಿ ಅಲುಗಾಡುವುದು ಕಷ್ಟ. ಹಾಗಾಗಿ ಯುಪಿವಿಸಿ ಮೆತ್ತಗಾಗುವ 80 ಡಿಗ್ರಿಯಲ್ಲಿ ಸಿಪಿವಿಸಿ ಇನ್ನೂ ಬಿಗಿಯಾಗಿರುತ್ತದೆ.

ಇನ್ನೊಂದು ಕುಲದಲ್ಲಿ ಕ್ಲೋರಿನ್ ಇಲ್ಲ, ಬರೀ ಇಂಗಾಲ ಮತ್ತು ಜಲಜನಕ. ಜರ್ಮನಿಯ ಕಾರ್ಲ್ ಝೀಗ್ಲರ್ 1953ರಲ್ಲಿ ಕಂಡುಕೊಂಡ ವೇಗವರ್ಧಕದಿಂದ ಎಚ್‌ಡಿಪಿಇ (ಹೆಚ್ಚು ಸಾಂದ್ರತೆಯ ಪಾಲಿಎಥಿಲೀನ್) ಬಂತು. ಮರುವರ್ಷ ಇಟಲಿಯ ಜೂಲಿಯೋ ನಾಟ್ಟಾ ಅದೇ ದಾರಿಯಲ್ಲಿ ಪಾಲಿಪ್ರೊಪಿಲೀನ್ ಮಾಡಿದರು. 1963ರ ರಸಾಯನಶಾಸ್ತ್ರದ ನೊಬೆಲ್ ಇಬ್ಬರಿಗೂ ಹಂಚಿಹೋಯಿತು. ಪಾಲಿಪ್ರೊಪಿಲೀನ್ ಸರಪಳಿಯಲ್ಲಿ ಅಲ್ಲಲ್ಲಿ ಸ್ವಲ್ಪ ಎಥಿಲೀನ್ ಸೇರಿಸಿದ್ದೇ ಪಿಪಿಆರ್.

ಈ ಕುಲಭೇದ ಕೆಲಸಕ್ಕೆ ಬರುವುದು ಜಾಯಿಂಟಿನಲ್ಲಿ. ಪಿವಿಸಿ, ಸಿಪಿವಿಸಿ ದ್ರಾವಕಕ್ಕೆ ಕರಗುತ್ತವೆ. “ಸೊಲ್ಯೂಷನ್” ಎಂದು ನಾವು ಕರೆಯುವುದು ಅಂಟಲ್ಲ. ಅದು ಪೈಪಿನ ಹೊರಮೈ ಮತ್ತು ಫಿಟ್ಟಿಂಗಿನ ಒಳಮೈ ಎರಡನ್ನೂ ಕರಗಿಸಿ ಒಂದು ಮಾಡುತ್ತದೆ, ಆಮೇಲೆ ಆರಿಹೋಗುತ್ತದೆ. ಪಿಪಿಆರ್, ಎಚ್‌ಡಿಪಿಇ ಯಾವ ಸೊಲ್ಯೂಷನ್ನಿಗೂ ಜಗ್ಗುವುದಿಲ್ಲ. ಅವಕ್ಕೆ ಬಿಸಿ ಮಾಡಿ ಬೆಸೆಯಬೇಕು, ಇಲ್ಲವೇ ಬಿಗಿಯುವ ಫಿಟ್ಟಿಂಗ್ ಹಾಕಬೇಕು. “ಪಿಪಿಆರ್‌ಗೆ ಹಚ್ಚೋ ಗಮ್ ಇದೆ” ಎಂದು ಯಾರಾದರೂ ಹೇಳಿದರೆ ಅವರ ಕೈಗೆ ಕೆಲಸ ಕೊಡಬೇಡಿ.

ಯುಪಿವಿಸಿ: ತಣ್ಣೀರಿಗೆ, ಕಡಿಮೆ ಖರ್ಚಿಗೆ

ಬಿಳಿ ಬಣ್ಣದ್ದು, ಎಲ್ಲಕ್ಕಿಂತ ಅಗ್ಗ, ಎಲ್ಲೆಲ್ಲೂ ಸಿಗುತ್ತದೆ. ಸಂಪಿನಿಂದ ಟ್ಯಾಂಕಿಗೆ, ಟ್ಯಾಂಕಿನಿಂದ ಇಳಿಯುವ ತಣ್ಣೀರಿನ ಮುಖ್ಯ ಲೈನಿಗೆ, ತೋಟದ ನಲ್ಲಿಗೆ ಇದೇ ಸಾಕು. ಆದರೆ ಬಿಸಿ ಏರಿದಂತೆ ಇದರ ಕಸುವು ಇಳಿಯುತ್ತದೆ. 23 ಡಿಗ್ರಿಯಲ್ಲಿ ತಡೆಯುವ ಒತ್ತಡದ ಅರ್ಧವನ್ನಷ್ಟೇ 43 ಡಿಗ್ರಿಯಲ್ಲಿ ತಡೆಯುತ್ತದೆ, 60ರಲ್ಲಿ ಐದನೇ ಒಂದು ಪಾಲು. ಗೀಸರ್ ನೀರು ಇದರೊಳಗೆ ಹರಿಯಕೂಡದು.

ಅಂಗಡಿಯಲ್ಲಿ ಎರಡು ತರಹದ್ದು ಸಿಗುತ್ತದೆ, ಮೋಸ ಹೋಗುವುದು ಇಲ್ಲೇ. “4 ಕೆಜಿ”, “6 ಕೆಜಿ” ಎಂದು ಮಾರುವುದು ಐಎಸ್ (ಭಾರತೀಯ ಮಾನಕ) 4985ರ ಪೈಪು, ಹೊಲದ ನೀರಾವರಿಗೂ ಅದೇ ಹೋಗುತ್ತದೆ. ಮನೆಯ ಪ್ಲಂಬಿಂಗಿಗೆ ಬೇಕಾದದ್ದು ಶೆಡ್ಯೂಲ್ 40 ಅಥವಾ 80, ಗೋಡೆ ದಪ್ಪ ಇರುವಂಥದ್ದು. ಎರಡರ ಹೊರವ್ಯಾಸ ಬೇರೆ, ಒಂದರ ಫಿಟ್ಟಿಂಗ್ ಇನ್ನೊಂದಕ್ಕೆ ಕೂರುವುದಿಲ್ಲ. ಪೈಪಿನ ಮೇಲೇ ಥ್ರೆಡ್ ಹೊಡೆಯಬೇಕಿದ್ದರೆ ಶೆಡ್ಯೂಲ್ 80 ಮಾತ್ರ.

ಬಿಸಿಲಿಗೆ ಬಿಟ್ಟರೆ ಹಳದಿಗಟ್ಟಿ ಗಡುಸಾಗುತ್ತದೆ. ಒತ್ತಡ ತಡೆಯುವ ಶಕ್ತಿ ಅಷ್ಟು ಹೋಗದಿದ್ದರೂ ಏಣಿಯೋ ಕುರ್ಚಿಯೋ ತಾಗಿದಾಗ ಬಿರುಕು ಬಿಡುತ್ತದೆ. ತಾರಸಿಯಲ್ಲಿ ಇದಕ್ಕೆ ನೀರಿನಲ್ಲಿ ಕಲಸುವ ತಿಳಿಬಣ್ಣದ ಅಕ್ರಿಲಿಕ್ ಪೇಂಟ್ ಎರಡು ಕೋಟ್ ಹೊಡೆಸಿ.

ಕಡಿಮೆ ಬೆಲೆಯ ಪೈಪಿನಲ್ಲಿ ಸುಣ್ಣಕಲ್ಲಿನ ಪುಡಿ ತುಂಬಿರುತ್ತಾರೆ. “ಕೈಲಿ ಹಿಡಿದು ನೋಡಿ, ಎಷ್ಟು ತೂಕ ಇದೆ” ಎನ್ನುವ ಮಾತಿಗೆ ಮರುಳಾಗಬೇಡಿ. ಒಂದೇ ದಪ್ಪದ ಎರಡು ಪೈಪಿನಲ್ಲಿ ತೂಕದ್ದೇ ಕಳಪೆ ಇರಬಹುದು, ಏಕೆಂದರೆ ಆ ಪುಡಿ ಪಿವಿಸಿಗಿಂತ ಹೆಚ್ಚುಕಡಿಮೆ ಎರಡು ಪಟ್ಟು ಸಾಂದ್ರ. ಐಎಸ್ 4985 ಒಪ್ಪುವ ಸಾಂದ್ರತೆ ನೀರಿನ 1.40ರಿಂದ 1.46 ಪಟ್ಟು ಮಾತ್ರ. ಗರಗಸ ಹಾಕಿ ನೋಡಿ: ಒಳ್ಳೆಯ ಪೈಪಿನಿಂದ ಸುರುಳಿ ಸುರುಳಿ ಹೊಟ್ಟು ಬರುತ್ತದೆ, ಪುಡಿ ತುಂಬಿದ್ದರಿಂದ ಸೀಮೆಸುಣ್ಣದಂತೆ ಹಿಟ್ಟು ಉದುರುತ್ತದೆ. ಕುಡಿಯುವ ನೀರಿನ ಲೈನಿಗೆ ಸೀಸ ಇಲ್ಲದ್ದೆಂದು ಮುದ್ರಿಸಿದ್ದನ್ನೇ ಕೇಳಿ. ಪಿವಿಸಿ ಪೈಪಿನಲ್ಲಿ ಸೀಸದ ಬಳಕೆಗೆ ಕಡಿವಾಣ ಹಾಕುವ ನಿಯಮವನ್ನು ಕೇಂದ್ರ ಪರಿಸರ ಸಚಿವಾಲಯ 2021ರಲ್ಲೇ ತಂದಿದೆ.

ಸಿಪಿವಿಸಿ: ಬಾತ್‌ರೂಮಿನ ಗೋಡೆಯೊಳಗೆ

ಕೆನೆಬಣ್ಣದ ಈ ಪೈಪಿನಲ್ಲಿ ಎರಡು ದರ್ಜೆ, ಎಸ್‌ಡಿಆರ್ 11 ಮತ್ತು 13.5. ಎಸ್‌ಡಿಆರ್ ಎಂದರೆ ಹೊರವ್ಯಾಸವನ್ನು ಗೋಡೆಯ ದಪ್ಪದಿಂದ ಭಾಗಿಸಿದ್ದು, ಹಾಗಾಗಿ ಸಂಖ್ಯೆ ಕಡಿಮೆ ಇದ್ದಷ್ಟೂ ಪೈಪು ದಪ್ಪ. ಬಿಸಿನೀರಿಗೆ 11ನ್ನೇ ಹಾಕಿಸಿ. 23 ಡಿಗ್ರಿಯಲ್ಲಿ ಸುಮಾರು 28 ಕೆಜಿ, 82 ಡಿಗ್ರಿಯಲ್ಲಿ 7 ಕೆಜಿ ಒತ್ತಡಕ್ಕೆ ಅದನ್ನು ಒಪ್ಪಿರುತ್ತಾರೆ. ಮನೆಯ 2–3 ಕೆಜಿಗೆ ಇದು ಬೇಕಾದಷ್ಟಾಯಿತು.

ಗೋಡೆಯೊಳಗೆ ತಣ್ಣೀರಿನ ಲೈನಿಗೂ ಸಿಪಿವಿಸಿಯೇ ಇರಲಿ. ಇಲ್ಲಿ ಹಣ ಉಳಿಸಲು ಹೋಗಿ ಕೈಸುಟ್ಟುಕೊಳ್ಳುವುದು ಹೀಗೆ: ಮಿಕ್ಸರ್ ಅಥವಾ ಡೈವರ್ಟರ್ ಮೂಲಕ ಬಿಸಿನೀರು ಸದ್ದಿಲ್ಲದೆ ತಣ್ಣೀರಿನ ಲೈನಿಗೆ ನುಗ್ಗುತ್ತದೆ. ಗೀಸರಿನ ಇನ್ಲೆಟ್‌ನಲ್ಲಿ ನಾನ್ ರಿಟರ್ನ್ ವಾಲ್ವ್ ಇಲ್ಲದಿದ್ದರೆ ಅಲ್ಲಿಂದಲೂ ಹಿಂದಕ್ಕೆ ಬರುತ್ತದೆ. ಅಲ್ಲಿ ಯುಪಿವಿಸಿ ಇದ್ದರೆ ಟೈಲ್ಸಿನ ಹಿಂದೆಯೇ ಮೆತ್ತಗಾಗಿ ಜಾಯಿಂಟು ಬಿಡುತ್ತದೆ.

ಜಾಯಿಂಟು ಸುಲಭ, ಆದರೆ ಅವಸರಕ್ಕೆ ಆಗದು. ಪೈಪನ್ನು ನೇರವಾಗಿ ಕತ್ತರಿಸಿ, ಒಳಹೊರಗಿನ ಜುಂಗು ತೆಗೆದು, ತುದಿಯನ್ನು ಸ್ವಲ್ಪ ಓರೆ ಮಾಡಬೇಕು. ಸೊಲ್ಯೂಷನ್ ಇಲ್ಲದೆ ತೂರಿಸಿದಾಗ ಸಾಕೆಟ್ಟಿನ ಮೂರನೇ ಒಂದರಿಂದ ಮೂರನೇ ಎರಡರಷ್ಟು ಆಳಕ್ಕೆ ಹೋಗಿ ಬಿಗಿಯಾದರೆ ಅಳತೆ ಸರಿ. ಪೈಪಿಗೆ ಧಾರಾಳವಾಗಿ, ಫಿಟ್ಟಿಂಗಿನ ಒಳಗೆ ತೆಳುವಾಗಿ ಹಚ್ಚಿ, ಕಾಲು ಸುತ್ತು ತಿರುಗಿಸಿ ತೂರಿಸಿ, ಹತ್ತು ಹದಿನೈದು ಸೆಕೆಂಡ್ ಹಿಡಿದಿರಬೇಕು. ಬಿಟ್ಟರೆ ಹಿಂದಕ್ಕೆ ಜಾರುತ್ತದೆ. ಫಿಟ್ಟಿಂಗಿನೊಳಗೆ ಸೊಲ್ಯೂಷನ್ ಮಡುಗಟ್ಟಿದರೆ ಅದು ಆರುವವರೆಗೂ ಪೈಪಿನ ಗೋಡೆಯನ್ನು ಮೆತ್ತಗೆ ಮಾಡುತ್ತಲೇ ಇರುತ್ತದೆ. ಡಬ್ಬಿಯಲ್ಲಿದ್ದದ್ದು ಗಂಜಿಯಂತೆ ಗಟ್ಟಿಯಾಗಿದ್ದರೆ ಥಿನ್ನರ್ ಸುರಿಯದೆ ಎಸೆಯಿರಿ. ಯುಪಿವಿಸಿಯ ಸೊಲ್ಯೂಷನ್ ಸಿಪಿವಿಸಿಗೆ ಹಚ್ಚಬಾರದು.

ಸಿಪಿವಿಸಿಗೆ ಒಂದು ದೌರ್ಬಲ್ಯವಿದೆ, ಅದನ್ನು ಅಂಗಡಿಯವರು ಹೇಳುವುದಿಲ್ಲ: ಎಣ್ಣೆ. ಅಡುಗೆ ಎಣ್ಣೆ, ಎಣ್ಣೆ ಪೇಂಟು, ಕೆಲವು ಗೆದ್ದಲು ಔಷಧಿಗಳ ದ್ರಾವಕ, ಮೆದು ಪಿವಿಸಿಯಿಂದ ಜಿನುಗುವ ಮೆದುಕಾರಕ, ಇವು ತಾಗಿದ ಕಡೆ ಒತ್ತಡ ಬಿದ್ದಲ್ಲಿ ಕೂದಲೆಳೆಯ ಬಿರುಕು ಶುರುವಾಗುತ್ತದೆ. ಜಿಐ ಕಾಲದ ಪ್ಲಂಬರ್‌ಗಳು ಥ್ರೆಡ್ಡಿಗೆ ಸಣಬು ಸುತ್ತಿ ಪೇಂಟ್ ಬಳಿಯುತ್ತಿದ್ದರು. ಇಲ್ಲಿ ಅದು ಬೇಡ, ಟೆಫ್ಲಾನ್ ಟೇಪ್ ಮಾತ್ರ. ವೈರಿನ ಹೊದಿಕೆಯೂ ಮೆದು ಪಿವಿಸಿಯೇ, ಎಲೆಕ್ಟ್ರಿಷಿಯನ್ ವೈರುಗಳನ್ನು ಪೈಪಿಗೆ ಕಟ್ಟಿಹೋಗದಂತೆ ನೋಡಿಕೊಳ್ಳಿ. ನಲ್ಲಿ ಕೂರುವ ಕಡೆಗೆಲ್ಲ ಹಿತ್ತಾಳೆ ಥ್ರೆಡ್ ಇರುವ ಎಫ್‌ಟಿಎ (ಒಳಗೆ ಥ್ರೆಡ್ ಇರುವ ಅಡಾಪ್ಟರ್) ಅಥವಾ ಎಲ್ಬೋ ಹಾಕಿಸಿ. ಪ್ಲಾಸ್ಟಿಕ್ ಥ್ರೆಡ್ಡನ್ನು ಕೈಯಲ್ಲಿ ಬಿಗಿದ ಮೇಲೆ ಒಂದೂವರೆ ಸುತ್ತಿಗಿಂತ ಹೆಚ್ಚು ಸ್ಪ್ಯಾನರಿನಲ್ಲಿ ತಿರುಗಿಸಿದರೆ ಸೀಳುತ್ತದೆ. ಆವತ್ತೇ ಅಲ್ಲ, ಆರು ತಿಂಗಳ ಮೇಲೆ.

ಪಿಪಿಆರ್: ಒಳ್ಳೆಯ ಪೈಪು, ಒಳ್ಳೆಯ ಕೈ ಬೇಕು

ಸರಿಯಾಗಿ ಬೆಸೆದ ಪಿಪಿಆರ್ ಜಾಯಿಂಟು ಪೈಪಿನಷ್ಟೇ ಗಟ್ಟಿ. ಸೊಲ್ಯೂಷನ್ ವಾಸನೆ ಇಲ್ಲ, ಎಣ್ಣೆಯ ಬಿರುಕಿನ ಹೆದರಿಕೆ ಇಲ್ಲ, ಸ್ವಲ್ಪ ಪೆಟ್ಟು ತಿಂದರೂ ಒಡೆಯುವುದಿಲ್ಲ. ಎಲ್ಲವೂ “ಸರಿಯಾಗಿ” ಎಂಬ ಮಾತಿನ ಮೇಲೆ ನಿಂತಿದೆ. ಮೆಷೀನು 260 ಡಿಗ್ರಿಗೆ ಕಾದಿರಬೇಕು. 20 ಎಂಎಂ ಪೈಪಿಗೆ 5 ಸೆಕೆಂಡ್, 25ಕ್ಕೆ 7, 32ಕ್ಕೆ 8, 40ಕ್ಕೆ 12 ಸೆಕೆಂಡ್ ಬಿಸಿ ಕೊಟ್ಟು, ತಿರುಚದೆ ನೇರವಾಗಿ ತೂರಿಸಬೇಕು. ಹೆಚ್ಚು ಹೊತ್ತು ಕಾಯಿಸಿದರೆ, ಇಲ್ಲವೇ ಹೆಚ್ಚು ಆಳಕ್ಕೆ ಒತ್ತಿದರೆ ಕರಗಿದ ಪ್ಲಾಸ್ಟಿಕ್ ಒಳಗೆ ಬಳೆಯಂತೆ ಉಬ್ಬಿ ದಾರಿ ಮುಚ್ಚುತ್ತದೆ. ಇದು ಸೋರುವುದಿಲ್ಲ, ಟೆಸ್ಟಿನಲ್ಲೂ ಸಿಕ್ಕಿಬೀಳುವುದಿಲ್ಲ. ವಾಸಕ್ಕೆ ಬಂದ ಮೇಲೆ ಮೇಲ್ಮಹಡಿಯ ಶವರಿನಲ್ಲಿ ನೀರು ತೊಟ್ಟಿಕ್ಕಿದಾಗ ಗೊತ್ತಾಗುತ್ತದೆ.

ಅಳತೆಯಲ್ಲೂ ಒಂದು ಬಲೆ ಇದೆ. ಸಿಪಿವಿಸಿಯಲ್ಲಿ 20 ಎಂಎಂ ಎಂದರೆ ಮುಕ್ಕಾಲು ಇಂಚು, ಒಳವ್ಯಾಸ ಸುಮಾರು 18 ಎಂಎಂ. ಪಿಪಿಆರ್‌ನಲ್ಲಿ 20 ಎಂಎಂ ಹೊರವ್ಯಾಸ. ಪಿಎನ್ 20 (ಸುಮಾರು 20 ಕೆಜಿ ಒತ್ತಡದ) ದರ್ಜೆಯಲ್ಲಿ ಗೋಡೆಯೇ 3.4 ಎಂಎಂ ಇರುವುದರಿಂದ ಒಳಗೆ ಉಳಿಯುವುದು 13.2 ಎಂಎಂ, ಅಂದರೆ ಅರ್ಧ ಇಂಚು. ಮುಕ್ಕಾಲು ಇಂಚಿನ ಸಿಪಿವಿಸಿಗೆ ಸಾಟಿ ಬೇಕಾದರೆ ಪಿಪಿಆರ್‌ನಲ್ಲಿ 25 ಎಂಎಂ, ಪಿಎನ್ 16 ಕೇಳಬೇಕು. ಟ್ಯಾಂಕಿಗೂ ಶವರಿಗೂ ಎರಡೇ ಮೀಟರ್ ಅಂತರವಿರುವ ಮೇಲಿನ ಮಹಡಿಯಲ್ಲಿ ಒತ್ತಡ 0.2 ಕೆಜಿ ಅಷ್ಟೇ. ಅಲ್ಲಿ ಈ ನಾಲ್ಕೈದು ಎಂಎಂ ವ್ಯತ್ಯಾಸವೇ ಸ್ನಾನದ ಸುಖವನ್ನು ನಿರ್ಧರಿಸುತ್ತದೆ.

ಹಸಿರು ಪಿಪಿಆರನ್ನು ಹಾಗೆಯೇ ಬಿಸಿಲಿಗೆ ಬಿಡಬಾರದು. ಹೊರಗೆ ಬೇಕಿದ್ದರೆ ಬಿಸಿಲು ತಡೆಯುವ ಹೊರಪದರ ಇರುವುದನ್ನು ತನ್ನಿ, ಇಲ್ಲವೇ ಮುಚ್ಚಿ. ರಿಪೇರಿಗೂ ಮೆಷೀನು ಬೇಕು, ಪೈಪು ಒಣಗಿರಬೇಕು, ಮೆಷೀನು ತೂರುವಷ್ಟು ಜಾಗವೂ ಬೇಕು. ಒಂದು ಹನಿ ನೀರು ಜಿನುಗುತ್ತಿದ್ದರೂ ಬೆಸುಗೆ ಹಿಡಿಯುವುದಿಲ್ಲ.

ಸೋಲಾರ್ ಲೈನು ಬೇರೆಯೇ ಕಥೆ

ಬೆಂಗಳೂರಿನ ತಾರಸಿಯ ಮೇಲಿನ ಈ ಹತ್ತು ಮೀಟರ್ ಲೈನೇ ಮನೆಯಲ್ಲೆಲ್ಲ ಹೆಚ್ಚು ಪಾಡು ಪಡುವುದು. ಏಪ್ರಿಲ್ ರಜೆಗೆ ಊರಿಗೆ ಹೋಗಿ ವಾರ ನೀರು ಬಳಸದಿದ್ದರೆ ಗಾಜಿನ ಕೊಳವೆಯ ಸೋಲಾರಿನಲ್ಲಿ ನೀರು ಕುದಿಯುವ ಮಟ್ಟಕ್ಕೆ ಹೋಗಬಹುದು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಮೇಲಿರುವ ನಮ್ಮೂರಿನಲ್ಲಿ ನೀರು ಕುದಿಯುವುದು 97 ಡಿಗ್ರಿಗೆ. ಸಿಪಿವಿಸಿಯ ಮಿತಿ 93. ಆದ್ದರಿಂದ ಸೋಲಾರ್ ಟ್ಯಾಂಕಿನಿಂದ ಮೊದಲ ಒಂದೂವರೆ-ಎರಡು ಮೀಟರ್ ಲೋಹದ್ದು ಅಥವಾ ಬಿಸಿನೀರಿನ ಕಾಂಪೊಸಿಟ್ ಪೈಪ್ ಇರಲಿ.

ಇನ್ನೊಂದು ಕಾಟ ಹಿಗ್ಗುವಿಕೆಯದ್ದು. ಬೆಳಗಿನ 20 ಡಿಗ್ರಿಯಿಂದ ಮಧ್ಯಾಹ್ನದ 70ಕ್ಕೆ ಏರಿದಾಗ 10 ಮೀಟರ್ ಪೈಪಿನಲ್ಲಿ ಸಿಪಿವಿಸಿ ಸುಮಾರು 3 ಸೆಂಟಿಮೀಟರ್ ಉದ್ದವಾಗುತ್ತದೆ, ಸಾದಾ ಪಿಪಿಆರ್ 7.5 ಸೆಂಟಿಮೀಟರ್. ನಡುವೆ ಅಲ್ಯೂಮಿನಿಯಂ ಪದರವಿರುವ ಕಾಂಪೊಸಿಟ್ ಒಂದೂಕಾಲು ಸೆಂಟಿಮೀಟರ್ ಅಷ್ಟೇ. ಎರಡೂ ತುದಿ ಬಿಗಿದಿದ್ದರೆ ಪೈಪು ಹಾವಿನಂತೆ ಸೊಟ್ಟಗಾಗಿ ಎಲ್ಬೋಗಳನ್ನು ಎಳೆಯುತ್ತದೆ. ನೇರ ಲೈನಿನ ನಡುವೆ ಒಂದು ‘ಯು’ ಆಕಾರದ ತಿರುವು ಕೊಡಿಸಿ. ಕ್ಲ್ಯಾಂಪು ಪೈಪನ್ನು ಅದುಮಿ ಹಿಡಿಯದೆ ಜಾರಲು ಬಿಡಬೇಕು. ಸಿಪಿವಿಸಿಗೆ 90 ಸೆಂಟಿಮೀಟರಿಗೊಂದು, ಪಿಪಿಆರ್‌ಗೆ 60ಕ್ಕೊಂದು ಸಾಕು.

ಕಾಂಪೊಸಿಟ್ ದುಬಾರಿ, ಆದರೆ ಬಗ್ಗಿಸಿದ ಹಾಗೆ ನಿಲ್ಲುತ್ತದೆ, ಜಾಯಿಂಟು ಕಡಿಮೆ. ಒಳಪದರ ಬಿಸಿನೀರಿನದ್ದೇ ಎಂದು ಮುದ್ರಣ ನೋಡಿಯೇ ಕೊಳ್ಳಿ. ಸಾದಾ ಪಾಲಿಎಥಿಲೀನ್ ಪದರದ್ದು ತಣ್ಣೀರಿಗೆ, ಕ್ರಾಸ್‌ಲಿಂಕ್ ಮಾಡಿದ್ದು ಬಿಸಿಗೆ. ಹೊರಗಿನಿಂದ ಎರಡೂ ಒಂದೇ ತರಹ ಕಾಣುತ್ತವೆ.

ಗ್ಯಾಸ್ ಗೀಸರ್ ಇದ್ದವರಿಗೂ ಒಂದು ಮಾತು: ನೀರಿನ ಹರಿವು ಕಡಿಮೆಯಾದಾಗ ಅದು ವಿಪರೀತ ಕಾಯಿಸುತ್ತದೆ. ಗೀಸರಿನಿಂದ ಹೊರಡುವ ಮೊದಲ ತುಂಡು ಸ್ಟೀಲ್ ಹೆಣಿಗೆಯ ಹೋಸ್ ಆಗಿರಲಿ.

ನೆಲದೊಳಗೆ ಮತ್ತು ಬೋರ್‌ವೆಲ್‌ನಲ್ಲಿ

ರಸ್ತೆಯಿಂದ ಸಂಪಿಗೆ ಬರುವ ಕಾವೇರಿ ಲೈನಿಗೆ ಸುರುಳಿಯಲ್ಲಿ ಸಿಗುವ ಕರಿ ಎಚ್‌ಡಿಪಿಇ ಅಥವಾ ನೀಲಿ ಎಂಡಿಪಿಇ (ಮಧ್ಯಮ ಸಾಂದ್ರತೆಯ ಪಾಲಿಎಥಿಲೀನ್) ಎಲ್ಲಕ್ಕಿಂತ ಒಳ್ಳೆಯದು. ನಡುವೆ ಜಾಯಿಂಟಿಲ್ಲ, ಮಣ್ಣು ಕುಸಿದರೆ ಬಾಗುತ್ತದೆ. ಕರಿ ಪೈಪಿನಲ್ಲಿ ಶೇ 2ರಿಂದ 2.5ರಷ್ಟು ಕಾರ್ಬನ್ ಮಸಿ ಬೆರೆಸಿರುವುದರಿಂದ ಅದಕ್ಕೆ ಬಿಸಿಲಿನ ಭಯವೂ ಇಲ್ಲ.

ಬೋರ್‌ವೆಲ್‌ನಲ್ಲಿ ಮಾತ್ರ ಮೇಲೆ ಹೇಳಿದ ಒತ್ತಡದ ಲೆಕ್ಕ ತಿರುಗುಮುರುಗು. ನೀರಿನ ಮಟ್ಟ 200 ಮೀಟರ್ ಕೆಳಗಿದ್ದರೆ ಮೋಟರಿನ ಬಳಿ ಪೈಪು 20 ಕೆಜಿ ತಡೆಯಬೇಕು, ಜೊತೆಗೆ ಮೋಟರು ಮತ್ತು ನೀರಿನ ಭಾರವನ್ನೂ ಹೊರಬೇಕು. ಅಲ್ಲಿ ಆಳಕ್ಕೆ ತಕ್ಕ ದರ್ಜೆಯ ಕಾಲಂ ಪೈಪು (ಮೋಟರನ್ನು ತೂಗುಹಾಕುವ ಪೈಪು) ಅಥವಾ ಎಚ್‌ಡಿಪಿಇ ಮಾತ್ರ. ಮನೆಗೆ ತಂದು ಉಳಿದ ಪೈಪು ಇಳಿಸಬೇಡಿ.

ನಿಮ್ಮ ಜೇಬು, ನಿಮ್ಮ ಮನೆ

ಕೈ ಬಿಗಿಯಾಗಿದ್ದು ಬಾಡಿಗೆಗೆ ಪೋರ್ಷನ್ ಕಟ್ಟಿಸುತ್ತಿದ್ದರೆ, ಹೊರಗಿನ ತಣ್ಣೀರು ಲೈನಿಗೆಲ್ಲ ಯುಪಿವಿಸಿ ಶೆಡ್ಯೂಲ್ 40, ಬಾತ್‌ರೂಮಿನ ಗೋಡೆಯೊಳಗೆ ಸಿಪಿವಿಸಿ ಎಸ್‌ಡಿಆರ್ 11. ಇವತ್ತು ಗೀಸರ್ ಇಲ್ಲದಿದ್ದರೂ ಅದರ ಎರಡು ಪಾಯಿಂಟ್ ಬಿಟ್ಟು ಡಮ್ಮಿ (ಬಾಯಿ ಮುಚ್ಚುವ ಬಿರಡೆ) ಹಾಕಿಸಿ. ಉಳಿತಾಯ ಮಾಡುವುದಿದ್ದರೆ ಪೈಪಿನ ಮೀಟರ್ ದರಕ್ಕೆ ಚೌಕಾಸಿ ಮಾಡಿ ಪ್ರಯೋಜನವಿಲ್ಲ. ಬಿಲ್ಲು ಉಬ್ಬುವುದು ಹಿತ್ತಾಳೆ ಫಿಟ್ಟಿಂಗಿನಲ್ಲಿ. ಒಂದು ಬಾತ್‌ರೂಮಿಗೆ ಶವರ್, ಬೇಸಿನ್, ಗೀಸರ್, ಕಮೋಡ್ ಎಲ್ಲ ಸೇರಿ ಎಂಟು ಹತ್ತು ಹಿತ್ತಾಳೆ ಪಾಯಿಂಟ್ ಆಗುತ್ತದೆ. ಬೇಸಿನ್ನನ್ನೂ ಶವರನ್ನೂ ಒಂದೇ ಗೋಡೆಗೆ ತಂದರೆ ಎಲ್ಬೋಗಳು ಉಳಿಯುತ್ತವೆ. ಹಿತ್ತಾಳೆಯ ಬದಲು ಪ್ಲಾಸ್ಟಿಕ್ ಥ್ರೆಡ್ ಹಾಕಿ ಉಳಿಸಬೇಡಿ.

ಸ್ವಂತಕ್ಕೆ ಕಟ್ಟಿಸಿ ಸೋಲಾರ್ ಇಡುವವರು ಮೇಲಿನದ್ದಕ್ಕೆ ಕಾಂಪೊಸಿಟ್ ಲೈನೊಂದನ್ನು ಸೇರಿಸಿ, ಟ್ಯಾಂಕಿನಿಂದ ಇಳಿಯುವ ಮುಖ್ಯ ಲೈನನ್ನು ಒಂದೂಕಾಲು ಇಂಚು ಮಾಡಿಸಿ. ಹಳೆಯ ಫ್ಲ್ಯಾಟಿನಲ್ಲಿ ಜಿಐ ಕಿತ್ತು ಹಾಕಿಸುವವರಿಗೆ ಸಿಪಿವಿಸಿಯೇ ವಾಸಿ. ಇಕ್ಕಟ್ಟಿನ ಡಕ್ಟಿನಲ್ಲಿ ಪಿಪಿಆರ್ ಮೆಷೀನು ಆಡುವುದಿಲ್ಲ. ಪಿಪಿಆರ್ ಲಾಭವಾಗುವುದು ನಾಲ್ಕಾರು ಬಾತ್‌ರೂಮಿನ ದೊಡ್ಡ ಮನೆಗೆ, ದಿನಾ ಅದೇ ಕೆಲಸ ಮಾಡುವ ತಂಡ ಸಿಕ್ಕಾಗ. ಅವರಿಂದ ಒಂದು ಸ್ಯಾಂಪಲ್ ಜಾಯಿಂಟು ಹಾಕಿಸಿ, ಉದ್ದಕ್ಕೆ ಸೀಳಿಸಿ, ಒಳಗಿನ ಬಳೆ ನೋಡಿ. ಅದಕ್ಕೆ ಒಪ್ಪದ ತಂಡ ಬೇಡ.

ಯಾವುದನ್ನೇ ಕೊಂಡರೂ ಪೈಪಿನ ಮೇಲಿನ ಮುದ್ರಣ ಓದಿ: ಸಿಪಿವಿಸಿಗೆ ಐಎಸ್ 15778, ಪಿಪಿಆರ್‌ಗೆ 15801, ಎಚ್‌ಡಿಪಿಇಗೆ 4984, ಟಾಯ್ಲೆಟ್ಟಿನ ಕೊಳೆನೀರಿನ ಪೈಪಿಗೆ 13592 ಟೈಪ್ ಬಿ. ಟೈಪ್ ಎ ಮಳೆನೀರಿಗೆ ಸಾಕು. ಐಎಸ್‌ಐ ಗುರುತಿನ ಕೆಳಗಿರುವ ಲೈಸೆನ್ಸ್ ನಂಬರನ್ನು ಬಿಐಎಸ್ ಕೇರ್ ಆ್ಯಪಿನಲ್ಲಿ ಹಾಕಿದರೆ ಅದು ಯಾರ ಹೆಸರಿನಲ್ಲಿದೆ ಎಂದು ಅಲ್ಲೇ ತೋರಿಸುತ್ತದೆ. ಅಂಗಡಿಯ ಹೊರಗೆ ಬಿಸಿಲಿನಲ್ಲಿ ಒರಗಿಸಿಟ್ಟ ಪೈಪು ಬೇಡ, ಒಳಗಿನದು ತೆಗೆಸಿ.

ಕೊನೆಯ ಜಾಯಿಂಟು ಹಾಕಿ 24 ಗಂಟೆ ಬಿಟ್ಟು, ಪ್ಲಾಸ್ಟರಿಂಗಿಗೆ ಮುಂಚೆ ಟೆಸ್ಟ್ ಮಾಡಿಸಿ. ಎಲ್ಲ ಪಾಯಿಂಟಿಗೂ ಡಮ್ಮಿ ಹಾಕಿ, ಗಾಳಿ ಪೂರ್ತಿ ಹೊರಹೋಗುವವರೆಗೆ ನೀರು ತುಂಬಿ, ಕೈಪಂಪಿನಲ್ಲಿ 7ರಿಂದ 10 ಕೆಜಿಗೆ ಏರಿಸಿ ಒಂದು ಗಂಟೆ ಗೇಜ್ ನೋಡಬೇಕು. ಗಾಳಿ ತುಂಬಿ ಟೆಸ್ಟ್ ಮಾಡಲು ಬಿಡಬೇಡಿ, ಒಡೆದರೆ ಚೂರುಗಳು ಸಿಡಿಯುತ್ತವೆ. ಮುಳ್ಳು ಇಳಿಯದಿದ್ದರೆ ಪ್ರತಿ ಗೋಡೆಗೂ ಟೇಪು ಹಿಡಿದು, ನೆಲದಿಂದ ಮತ್ತು ಮೂಲೆಯಿಂದ ಪೈಪು ಎಷ್ಟು ದೂರ ಎಂದು ಕಾಣುವಂತೆ ಫೋಟೋ ತೆಗೆದಿಟ್ಟುಕೊಳ್ಳಿ. ಟವೆಲ್ ರಾಡಿಗೆ ಡ್ರಿಲ್ ಹಾಕುವವರು ಬರುವಾಗ ಅದು ಬೇಕಾಗುತ್ತದೆ.